ಬುಡದ ಮೂಟೆ

ನಾನು ಚಿಕ್ಕವಳಿದ್ದಾಗ ತೊಗರಿಬೇಳೆಯ ಬೆಲೆ ನನಗಿಂತ ಬೇಗ ಎತ್ತರವಾಗುತ್ತಿತ್ತು. ಬೀದಿ ಕೊನೆಯ ಅಂಗಡಿಯಲ್ಲಿ ಕಟ್ಟಿಸಿದ ಪೊಟ್ಟಣ ವಾರದಿಂದ ವಾರಕ್ಕೆ ಸಣ್ಣದಾಗುತ್ತಿತ್ತು, ಸಾರು ತೆಳ್ಳಗಾಗುತ್ತಿತ್ತು. ಅಪ್ಪ ರಾಮನಗರದಲ್ಲೇ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದರು. ಬಿಸಿನೀರಿನಲ್ಲಿ ನೆನೆದು ನೆನೆದು ಅವರ ಬೆರಳುಗಳು ಸದಾ ಬೆಳ್ಳಗೆ ಸುಕ್ಕಾಗಿರುತ್ತಿದ್ದವು. ಅವರ ಕೂಲಿ ಮಾತ್ರ ಏರುತ್ತಿರಲಿಲ್ಲ.

ಉಪಾಯ ಹೂಡಿದವಳು ಅಕ್ಕ. ಅವಳಿಗಾಗ ಹದಿನಾಲ್ಕು ವರ್ಷ. ನಮ್ಮ ಬೀದಿಯ ಐದು ಮನೆ ಸೇರಿ ಮಂಡಿಯಲ್ಲಿ ಒಂದಿಡೀ ಮೂಟೆ ಕೊಂಡು, ಮನೆಯಲ್ಲಿ ಸೇರಿನಿಂದ ಅಳೆದು ಹಂಚಿಕೊಂಡರೆ ಎಷ್ಟೋ ಉಳಿಯುತ್ತದೆ ಎಂದು ಅವಳು ಮನೆಮನೆಗೆ ಹೋಗಿ ಒಪ್ಪಿಸಿದಳು. ಸಾಸಿವೆ ಡಬ್ಬಗಳಲ್ಲಿ ಅಡಗಿಸಿಟ್ಟಿದ್ದ ದುಡ್ಡೆಲ್ಲ ಹೊರಗೆ ಬಂತು. ಅಪ್ಪ ಇನ್ನೂ ಅನುಮಾನಿಸುತ್ತಿದ್ದರು.

"ಇವತ್ತೇ ತಕಬುಡನ ಕಣಪ್ಪ. ಮುಂದಿನ ವಾರಕ್ಕೆ ಇದೂ ಕೈಗೆ ಸಿಕ್ಕಕಿಲ್ಲ," ಎಂದು ಅವರನ್ನು ಹೊರಡಿಸಿಯೇ ಬಿಟ್ಟಳು. ನಾನೂ ಬೆನ್ನು ಹತ್ತಿದೆ.

ಮಂಡಿಯೊಳಗೆ ನಡುಹಗಲಿನಲ್ಲೂ ಮಬ್ಬು. ಗೋಣಿಯ ದೂಳು, ಒಣಮೆಣಸಿನಕಾಯಿಯ ಘಾಟು, ಅದರ ಮೇಲೆ ಬೆಲ್ಲದ ಸಿಹಿ ವಾಸನೆ. ಮೂಟೆಗಳನ್ನು ಸೂರು ಮುಟ್ಟುವಂತೆ ಪೇರಿಸಿದ್ದರು. ಅಪ್ಪ ಬಾಗಿಲ ಬಳಿ ಮಂಡಿಯವರೊಂದಿಗೆ ಚೌಕಾಶಿಗೆ ನಿಂತರು. ಅಕ್ಕ ಒಳಗೆ, ಆ ಮೂಟೆಗಳ ಗೋಡೆಗೆ ಬೆನ್ನು ಕೊಟ್ಟು, ಬಾಯಿ ಬಿಚ್ಚಿಟ್ಟಿದ್ದ ಚೀಲದಿಂದ ಬೇಳೆ ತೆಗೆದು ಹಲ್ಲಿನಲ್ಲಿ ಕಚ್ಚಿ ನೋಡುತ್ತಿದ್ದಳು.

ಆಗ ನನಗೆ ಅದು ಕಂಡಿತು. ಎಲ್ಲಕ್ಕಿಂತ ಕೆಳಗಿನ ಮೂಟೆಗೆ ಇಲಿ ತೂತು ಕೊರೆದಿತ್ತು. ಅದರಿಂದ ಬೇಳೆ ಸಣ್ಣಗೆ, ಅಪ್ಪ ಗೂಡಿನಿಂದ ತೆಗೆಯುವ ಹಳದಿ ನೂಲಿನ ಹಾಗೆ ಇಳಿಯುತ್ತಿತ್ತು. ನಾನು ಯಾರಿಗೂ ಹೇಳಲಿಲ್ಲ. ಪುಕ್ಕಟೆ ಬೇಳೆ ಎಂದು ಲಂಗ ಒಡ್ಡಿ ಕೂತೆ. ಧಾರೆ ನಿಂತಾಗ ತೂತಿಗೆ ಬೆರಳು ತುರುಕಿ ದೊಡ್ಡದು ಮಾಡಿದೆ. ಬೇಳೆ ಸೊರಸೊರನೆ ಸುರಿಯಿತು. ಲಂಗ ತುಂಬಿದೊಡನೆ ಅಪ್ಪನಿಗೆ ತೋರಿಸಲು ಬಾಗಿಲಿನತ್ತ ಹೊರಟೆ.

ನನ್ನ ಹಿಂದೆ ಗೋಣಿಗೆ ಗೋಣಿ ಉಜ್ಜಿದ ಸದ್ದು. ತಿರುಗಿದೆ. ಗೋಡೆ ಮುಂದಕ್ಕೆ ಬಾಗುತ್ತಿತ್ತು, ಅಕ್ಕ ಇನ್ನೂ ಬೇಳೆ ಕಚ್ಚುತ್ತಿದ್ದಳು. ನಾನು ಕೂಗುವ ಮೊದಲೇ ಮೂಟೆ ಹೊರುತ್ತಿದ್ದ ಮುದುಕ ಹಮಾಲಿ ತಲೆಯ ಮೇಲಿದ್ದುದನ್ನು ಅಲ್ಲೇ ಎಸೆದು, ಅವಳ ಜಡೆ ಹಿಡಿದು ಎಳೆದ. ಆಮೇಲೆ ನೆಲ ನಡುಗಿತು. ದೂಳು ಕವಿದು ಏನೂ ಕಾಣಲಿಲ್ಲ. ಆ ದೂಳು ಇಳಿಯುವಷ್ಟು ಹೊತ್ತು ನನಗೆ ಅಕ್ಕ ಇರಲಿಲ್ಲ.

ಇದ್ದಳು. ಎಡಗಾಲಿನ ಪಾದ ಮಾತ್ರ ಮೂಟೆಯ ಅಂಚಿಗೆ ಸಿಕ್ಕಿತ್ತು. ಹಮಾಲಿ ಕೊಕ್ಕೆ ಹಾಕಿ ಮೂಟೆಯನ್ನು ಸರಿಸಿದ.

"ಬೇಳೆ ಆಮ್ಯಾಕೆ ನೋಡವ್ವ," ಎಂದ ಏದುಸಿರಿನಲ್ಲೇ. "ಮೊದ್ಲು ಬುಡ ನೋಡ್ಬೇಕು."

ಅಪ್ಪ ಓಡಿಬಂದು ಸುಕ್ಕುಬೆರಳುಗಳಿಂದ ಅವಳ ಪಾದ ಸವರಿದರು. "ಬ್ಯಾಡ ಕಣ್ಮಗ, ಮನೆಗೋಗನ. ಪೊಟ್ಟಣದ ಬೇಳೇನೇ ತಿನ್ನನ."

ಅಕ್ಕ ಮುಖದ ದೂಳು ಒರೆಸಿಕೊಂಡಳು. "ಐದು ಮನೇವ್ರಿಗೆ ಏನಂತ ಹೇಳಾನ? ನಮ್ ಮೂಟೆ ತೂಕಕ್ಕೆ ಇಡ್ಸಪ್ಪ."

ತಳ್ಳುಗಾಡಿಯಲ್ಲಿ ಮೂಟೆ, ಮೂಟೆಯ ಮೇಲೆ ಊದಿದ ಕಾಲಿನ ಅಕ್ಕ, ಹಾಗೆ ಮನೆಯತ್ತ ಹೊರಟೆವು. ಲಂಗದ ಬೇಳೆಯನ್ನು ನಾನು ಮಂಡಿಯಲ್ಲೇ ಚೆಲ್ಲಿಬಂದಿದ್ದೆ. ದಾರಿಯಲ್ಲಿ ಬಿಕ್ಕುತ್ತಾ ತೂತಿನ ವಿಷಯ ಹೇಳಿದೆ. ಅಕ್ಕ ಮೂಟೆಯ ಮೇಲಿಂದ ಬಗ್ಗಿ ನನ್ನ ತಲೆಯ ದೂಳು ಕೊಡವಿದಳು.

"ಅಳ್ಬ್ಯಾಡ ಕಣೆ. ಇನ್ಮೇಲೆ ಬೇಳೆ ನಾನು ನೋಡ್ತೀನಿ, ಬುಡ ನೀನು ನೋಡು," ಎಂದಳು. ಕಾಲು ವಾಸಿಯಾದ ಮೇಲೆ ಮತ್ತೆ ಹೋದೆವು. ನಾನು ಪ್ರತಿ ಸಾಲಿನ ಬುಡಕ್ಕೂ ಬಗ್ಗಿ ನೋಡಿ ತಲೆಯಾಡಿಸಿದ ಮೇಲೆಯೇ ಅಕ್ಕ ಒಳಗೆ ಕಾಲಿಟ್ಟಳು.

ಮುಂದೆ ಕಾಲೇಜಿನಲ್ಲಿ ಭಾರ, ಸಮತೋಲ ಎಂದೆಲ್ಲ ಓದಿದೆ. ಒಂದೇ ಮೂಟೆಯ ತೂತಿಗೆ ಅಷ್ಟು ದೊಡ್ಡ ಗೋಡೆ ಬೀಳುತ್ತದೆಯೇ ಎಂದು ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಇಂದಿಗೂ ತೀರ್ಮಾನವಾಗಿಲ್ಲ. ಗೋಣಿ ಉಜ್ಜುವ ಆ ಸದ್ದು ಮಾತ್ರ ಕೇಳುತ್ತಲೇ ಇದೆ.

ಬೆಲೆ ಈಗಲೂ ಏರುತ್ತಿದೆ ಮಕ್ಕಳೇ. ಹೆದ್ದಾರಿ ಪಕ್ಕದ ಆ ದೊಡ್ಡ ಹೋಲ್‌ಸೇಲ್ ಅಂಗಡಿಗೆ ನೀವು ನನ್ನನ್ನು ಕರೆದೊಯ್ಯುತ್ತೀರಿ. ಅಲ್ಲಿ ದೂಳಿಲ್ಲ, ಘಾಟಿಲ್ಲ, ತಣ್ಣನೆಯ ಗಾಳಿ ಇದೆ, ತಳ್ಳಲು ಗಾಡಿ ಇದೆ. ಸೂರಿನವರೆಗೆ ಪೇರಿಸಿದ ಚೀಲಗಳು ಮಾತ್ರ ಹಾಗೆಯೇ ಇವೆ. ಅಜ್ಜಿ ಪ್ರತಿ ಸಾಲಿನಲ್ಲೂ ಬಗ್ಗಿ ಏನು ಹುಡುಕುತ್ತಾಳೆ ಎಂದು ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ಯಾವುದು ಅಗ್ಗವೆಂದು ನಿಮ್ಮ ಮೊಬೈಲಿನಲ್ಲಿ ನೀವು ನೋಡಿ. ನಾನು ತಲೆಯಾಡಿಸುವವರೆಗೆ ಮಾತ್ರ ಆಚೆ ನಿಂತಿರಿ.