ಸೀರಿಯಲ್ಲಿನ ನಗಾರಿ, ಹಂಚಿನ ಮೇಲಿನ ರೊಟ್ಟಿ

ಟಿವಿ ರಿಪೇರಿಗೆಂದು ಇಜೇರಿ ಹಳ್ಳಿಯ ಒಂದು ಮನೆಗೆ ಹೋಗಿದ್ದೆ. ಚಿತ್ರ ಚೆನ್ನಾಗಿಯೇ ಬರುತ್ತಿತ್ತು, ಧ್ವನಿ ಮಾತ್ರ ಇರಲಿಲ್ಲ. ಮನೆಯಾಕೆ ನಾಗಮ್ಮ ಒಳಗೆ ರೊಟ್ಟಿ ಬಡಿಯುತ್ತಿದ್ದರು.

"ಚಿತ್ರ ಕಾಣ್ತದಲ್ರಿ ಅಕ್ಕಾರ, ಅಷ್ಟ ನೋಡ್ಕೋತ ಕುಂಡ್ರಬಾರ್ದೇನ್ರಿ?" ಎಂದೆ.

"ನೋಡ್ಕೋತ ಕುಂತ್ರ ರೊಟ್ಟಿ ಯಾರು ಬಡೀಬೇಕ್ರಿ? ನಾ ಸೀರಿಯಲ್ ಕೇಳ್ತೇನಿ. ಕೊಳಲು ಊದಿದ್ರ ಯಾರೋ ಅಳಾಕತ್ತಾರ, ಅದಕ್ಕ ಏಳಂಗಿಲ್ಲ. ನಗಾರಿ ಬಡಿದ್ರ ಏನೋ ಘಾತ ಆಗ್ಯಾದ ಅಂತ ಓಡಿ ಬರ್ತೇನಿ."

ಸ್ಪೀಕರ್ ಬದಲಿಸಿದೆ. ಮೊದಲು ಬಂದದ್ದೇ ನಗಾರಿ. ನಾಗಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದರು. ಸೀರಿಯಲ್ಲಿನ ಸೊಸೆ ಅತ್ತೆಯ ಮುಂದೆ ಚಹಾದ ಕಪ್ಪು ಇಟ್ಟಿದ್ದಳು. ಅತ್ತೆಯ ಮುಖವನ್ನು ಮೂರು ಸಲ ತೋರಿಸಿದರು, ಮೂರು ಸಲವೂ ನಗಾರಿ. ಆಮೇಲೆ ಅತ್ತೆ ಚಹಾ ಕುಡಿದಳು.

"ಇಷ್ಟೇ ಏನ್ರಿ?" ನಾನೇ ಕಥೆ ಬರೆದವನೆಂಬಂತೆ ನಾಗಮ್ಮ ನನ್ನನ್ನು ಕೇಳಿದರು. ಅಷ್ಟರಲ್ಲಿ ಒಳಗಿನಿಂದ ಸುಟ್ಟ ವಾಸನೆ ಬಂತು.

ಬಂದವರನ್ನು ಉಣ್ಣದೆ ಕಳಿಸುವ ಮನೆಯಲ್ಲ ಅದು. ಕರಕಲಾದ ರೊಟ್ಟಿ ನನ್ನ ತಾಟಿಗೇ ಬಂತು.

"ಆವಾಜ್ ಬರಂಗ ಮಾಡಿದವ್ರು ನೀವೇ ಅಲ್ರಿ, ತಿನ್ರಿ."

ತಿಂದೆ. ಆವತ್ತು ಘಾತವಾದದ್ದು ಆ ರೊಟ್ಟಿಗೆ ಮಾತ್ರ. ಅದಕ್ಕೆ ಯಾರೂ ನಗಾರಿ ಬಡಿಯಲಿಲ್ಲ.