ಧೂಪ ಕುಡಿದ ಇದ್ದಿಲು

ತೆಂಗಿನ ಚಿಪ್ಪಿನಿಂದ ಇದ್ದಿಲು ತಯಾರಿಸುವ ಮೇಡಂ ಒಬ್ಬರು ಪೀಣ್ಯದ ನಮ್ಮ ಲ್ಯಾಬಿಗೆ ಸ್ಯಾಂಪಲ್ ತಂದಿದ್ದರು. ತನ್ನ ಸೂಕ್ಷ್ಮ ರಂಧ್ರಗಳಲ್ಲಿ ಗ್ಯಾಸನ್ನು ಹಿಡಿದಿಡುವುದೇ ಇಂಥ ಇದ್ದಿಲಿನ ಕೆಲಸ. ಪಾಸಾದರೆ ಮಾತ್ರ ಅವರಿಗೆ ಫಿಲ್ಟರ್ ಕಂಪನಿಯ ಆರ್ಡರ್. ಮೆಷಿನ್ನಿನಲ್ಲಿಟ್ಟರೆ ಅದು ಗ್ಯಾಸನ್ನು ಹಿಡಿಯಲೇ ಇಲ್ಲ. ಡಬ್ಬಿ ಮೂಸಿದೆ. ಕರ್ಪೂರ, ಸಾಂಬ್ರಾಣಿ.

"ಇದನ್ನ ಎಲ್ಲಿಟ್ಟಿದ್ರಿ ಮೇಡಂ?"

"ದೇವರ ಮನೇಲಿ ಸಾರ್. ಟೆಸ್ಟ್ ಚೆನ್ನಾಗಾಗ್ಲಿ ಅಂತ ವಾರವೆಲ್ಲ ಮುಚ್ಚಳ ತೆಗೆದು ಧೂಪ ಹಾಕಿದೀನಿ."

"ಆ ಧೂಪಾನೆಲ್ಲ ಕುಡಿದು ಹೊಟ್ಟೆ ತುಂಬಿಸ್ಕೊಂಡಿದೆ. ಇನ್ನು ಗ್ಯಾಸಿಗೆ ಜಾಗ ಎಲ್ಲಿ?"

ಮುಖ ಸಪ್ಪಗಾಗುತ್ತದೆ ಅಂದುಕೊಂಡೆ. ಅರಳಿತು.

"ಹಂಗಾದ್ರೆ ಮಾಲು ಸಕ್ಕತ್ತಾಗಿದೆ ಅಂತಾಯ್ತಲ್ಲ ಸಾರ್!"

ಅವರ ಫ್ಯಾಕ್ಟರಿಯ ಮೂಟೆಯಿಂದಲೇ ಬೇರೆ ಇದ್ದಿಲು ತರಿಸಿ ಮತ್ತೆ ಪರೀಕ್ಷಿಸಿದೆ. ಸಲೀಸಾಗಿ ಪಾಸಾಯಿತು. ರಿಪೋರ್ಟ್ ಕೈಗೆ ಕೊಟ್ಟಾಗ ಅವರು ಅದನ್ನು ಎರಡು ಸಲ ತಿರುಗಿಸಿ ನೋಡಿದರು.

"ಸಾಂಬ್ರಾಣಿ ಹಿಡಿದಿದ್ದನ್ನೂ ಇದರಲ್ಲಿ ಬರೀಬಹುದಿತ್ತು ಸಾರ್. ಫಿಲ್ಟರ್ ಪಾರ್ಟಿಗೆ ಖುಷಿಯಾಗೋದು."

ಅದಕ್ಕೆ ನಮ್ಮಲ್ಲಿ ಕಾಲಂ ಇಲ್ಲ ಎಂದೆ. ಇದ್ದಿದ್ದರೆ, ನನ್ನ ಮೆಷಿನ್ನಿಗಿಂತ ಮೊದಲೇ ದೇವರು ಪಾಸು ಮಾಡಿದ್ದಾನೆ ಎಂಬುದಕ್ಕೆ ನಾನೇ ಸಹಿ ಹಾಕಬೇಕಾಗುತ್ತಿತ್ತು.