ಮೇಷ್ಟ್ರಮ್ಮನ ಕಸುಬು

ತಾಲ್ಲೂಕಿನಲ್ಲಿ ದುಡಿಯುವವರು ಇಂತಿಷ್ಟು, ಮಿಕ್ಕವರೆಲ್ಲ ಕೂತು ಉಣ್ಣುವವರು ಎಂದು ಯಾರಾದರೂ ಭಾಷಣದಲ್ಲಿ ಹೇಳಿದರೆ ನನಗೆ ಈಗಲೂ ಮುಖ ಬಿಸಿಯಾಗುತ್ತದೆ. ಕೂತು ಉಣ್ಣುವವರ ಜೊತೆಗೆ ನನ್ನನ್ನು ಸೇರಿಸಿದ್ದು ಹೇಗೆಂದು ನನಗೆ ಚೆನ್ನಾಗಿ ಗೊತ್ತು.

ಅರವತ್ತೊಂದರ ಜನಗಣತಿಯಲ್ಲಿ ಶಿರಾದ ಕೆಲವು ಬೀದಿಗಳನ್ನು ನಮ್ಮ ಯಜಮಾನರಿಗೆ ವಹಿಸಿದ್ದರು. ಅವರು ಮಿಡ್ಲ್ ಸ್ಕೂಲಿನ ಮೇಷ್ಟ್ರು. ಮನೆತನ ಶಿವಪೂಜೆಯದು; ಹೆಸರು ದೊಡ್ಡದು, ಅಕ್ಕಿ ಡಬ್ಬ ಚಿಕ್ಕದು. ಸಂಬಳ ತಿಂಗಳ ಕೊನೆ ಮುಟ್ಟುತ್ತಿರಲಿಲ್ಲ. ಅದಕ್ಕೇ ಶಿವರಾತ್ರಿಯಿಂದ ಯುಗಾದಿ ಕಳೆಯುವ ತನಕ ನಾನೂ ಅತ್ತೆಯೂ ಮಂಡಿ ಸಾಹುಕಾರರ ಹುಣಸೆಹಣ್ಣು ಕುಟ್ಟುತ್ತಿದ್ದೆವು. ಸಿಪ್ಪೆ ತೆಗೆದು, ಹಣ್ಣನ್ನು ಕಲ್ಲಿನ ಮೇಲಿಟ್ಟು, ಸಣ್ಣ ಸುತ್ತಿಗೆಯಲ್ಲಿ ಬಡಿದು ಬೀಜ ಉದುರಿಸಿ ನಾರು ಎಳೆಯುವ ಕೆಲಸ. ಊರಿನ ಅರ್ಧ ಹೆಂಗಸರು ಆಗ ಮಾಡುತ್ತಿದ್ದದ್ದು ಅದನ್ನೇ. ಅವರು ಜಗುಲಿಯ ಮೇಲೆ ಹರಟುತ್ತಾ ಕುಟ್ಟಿದರೆ ನಾವು ಹಿತ್ತಲಲ್ಲಿ, ಕಲ್ಲಿನ ಕೆಳಗೆ ಗೋಣಿಚೀಲ ಮಡಿಸಿಟ್ಟು, ಸದ್ದು ಬೀದಿಗೆ ಹೋಗದ ಹಾಗೆ ಕುಟ್ಟುತ್ತಿದ್ದೆವು. ಪೂಜೆಯವರ ಮನೆ ಹೆಂಗಸರು ಕೂಲಿ ಮಾಡುತ್ತಾರೆಂದರೆ ಮಾನ ಉಳಿಯುತ್ತದೆಯೇ? ಯಜಮಾನರಿಗೆ ಎಲ್ಲ ಗೊತ್ತಿತ್ತು. ಆ ಮಾತನ್ನು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಆ ಕೂಲಿಯ ಸಕ್ಕರೆ ಹಾಕಿದ ಕಾಫಿಯನ್ನು ಮಾತ್ರ ಚಪ್ಪರಿಸಿ ಕುಡಿಯುತ್ತಿದ್ದರು.

ಗಣತಿ ಶುರುವಾದ ಮೇಲೆ ಅವರನ್ನು ಹಿಡಿಯುವವರೇ ಇರಲಿಲ್ಲ. "ಶಿರಾ, ಮಧುಗಿರಿ, ಪಾವಗಡ, ಕೊರಟಗೆರೆ ಕಡೆಯವರು ಅಂದರೆ ರಾಗಿ, ಕಡಲೆಕಾಯಿ, ಕುರಿ ಅಂತಷ್ಟೇ ತಿಳಿದಿದ್ದಾರೆ. ನಮ್ಮ ಜನ ನಿಜವಾಗಿ ಹೇಗೆ ಬದುಕ್ತಾರೆ ಅನ್ನೋದು ಈಗ ಸರ್ಕಾರಕ್ಕೆ ಗೊತ್ತಾಗುತ್ತೆ," ಎಂದು ಊಟಕ್ಕೆ ಕೂತಾಗಲೂ ಪಾಠ ಒಪ್ಪಿಸುತ್ತಿದ್ದರು.

ಮುಸಲ್ಮಾನರ ಬೀದಿಯಲ್ಲಿ ಹೆಂಗಸರು ಹೊರಗಿನ ಗಂಡಸರ ಎದುರು ಬರುತ್ತಿರಲಿಲ್ಲ. ಅಲ್ಲಿಗೆ ನನ್ನನ್ನು ಕರೆದುಕೊಂಡು ಹೋದರು. ಅವರು ಜಗುಲಿಯಲ್ಲಿ ಕೂತು ಬರೆಯುವುದು, ನಾನು ಪರದೆಯ ಒಳಗೆ ಹೋಗಿ ಕೇಳಿ ಅಲ್ಲಿಂದಲೇ ಕೂಗಿ ಹೇಳುವುದು. ನನ್ನ ಜಂಬ ಕೇಳಬೇಕೆ! ಸರ್ಕಾರವೇ ನಾನು ಅನ್ನುವ ಹಾಗೆ ಸೆರಗು ಬಿಗಿದು ಹೊರಟಿದ್ದೆ.

ಪಾತ್ರೆಗೆ ಕಲಾಯಿ ಹಾಕುವವರೊಬ್ಬರ ಮನೆ. ಯಜಮಾನರ ಜೊತೆ ಜಗುಲಿಯಲ್ಲಿ ಕಲಾಯಿಯವರೂ ಕೂತಿದ್ದರು. ಒಳಗೆ ಅವರ ಹೆಂಡತಿ, ಇಬ್ಬರು ಸೊಸೆಯರು, ನಡುವೆ ಹುಣಸೆಹಣ್ಣಿನ ರಾಶಿ. ಏನು ಕೆಲಸ ಮಾಡುತ್ತೀರಿ ಎಂದು ಕೇಳಿದೆ.

"ನಮಗೇನು ಕೆಲ್ಸ ಮೇಷ್ಟ್ರಮ್ಮಾ, ಮನೇಲೇ ಇರ್ತೀವಿ," ಅಂದಳು ಆ ಮನೆಯ ಅತ್ತೆ, ಕೈಯಲ್ಲಿ ಸುತ್ತಿಗೆ ಹಿಡಿದುಕೊಂಡೇ.

"ಮತ್ತೆ ಇದೇನು?"

"ಇದಾ? ಇದೇನೋ ಸುಮ್ಕೆ, ಹೊತ್ತು ಹೋಗ್ಲಿ ಅಂತ."

ಹೊರಗಿನಿಂದ ಯಜಮಾನರು ಕೂಗಿದರು: "ಬಿಡಬೇಡ, ಸರಿಯಾಗಿ ಕೇಳು. ಕೂಲಿಗೆ ಕುಟ್ಟಿದರೆ ಅದೂ ಕಸುಬೇ. ಅದನ್ನ ಬಿಟ್ಟರೆ ತಾಲ್ಲೂಕಿನ ಲೆಕ್ಕವೇ ಸುಳ್ಳಾಗುತ್ತೆ."

ನಾನೂ ಜೋರು ಮಾಡಿದೆ. "ದುಡಿಯೋದನ್ನ ಹೇಳ್ಕೊಳ್ಳೋಕೆ ನಾಚಿಕೆ ಯಾಕಮ್ಮಾ?"

ಕಿರಿಯ ಸೊಸೆ ತಲೆಯೆತ್ತಿ ನನ್ನ ಕೈ ನೋಡಿದಳು. ಹುಣಸೆಯ ಕರೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಉಗುರಿನ ಸುತ್ತ ಕಪ್ಪು, ಬೆರಳ ತುದಿಯಲ್ಲೆಲ್ಲ ಬಿರುಕು. "ಅಯ್ಯ, ನೀವೂ ಕುಟ್ತೀರೇನಮ್ಮಾ?" ಎಂದು ಗಟ್ಟಿಯಾಗಿಯೇ ಕೇಳಿಬಿಟ್ಟಳು. ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ ಪಾಪ, ತನ್ನಂಥವಳೇ ಸಿಕ್ಕಳೆಂಬ ಖುಷಿ ಅಷ್ಟೆ.

ಹೊರಗೆ ಮಾತು ನಿಂತುಹೋಯಿತು. ನಾನು ಕೈ ಸೆರಗಿನೊಳಗೆ ಸೇರಿಸಿಕೊಂಡೆ.

"ಅವ್ರು ಯಾಕೆ ಕುಟ್ತಾರೆ, ಸುಮ್ಕಿರೇ," ಎಂದು ಅವಳ ಅತ್ತೆ ತಟಕ್ಕನೆ ಗದರಿದಳು. "ಮನೆ ಸಾರಿಗೆ ವರ್ಷದ ಹಣ್ಣು ಮಾಡಿಕ್ಕಂಡಿರ್ತಾರೆ." ಆಮೇಲೆ ಪರದೆಯ ಕಡೆ ತಿರುಗಿ, "ಬರ್ಕಳಿ ಮೇಷ್ಟ್ರೇ, ನಾವು ಮೂರು ಜನಾನೂ ಕೂಲಿಗೆ ಕುಟ್ತೀವಿ," ಅಂದಳು.

ನನ್ನ ಮುಖ ನೋಡದೆ ಮತ್ತೆ ಕುಟ್ಟತೊಡಗಿದಳು. ಅವಳಿಗೆ ಎಲ್ಲ ಅರ್ಥವಾಗಿತ್ತು. ನನ್ನ ಮಾನ ಮುಚ್ಚುವುದಕ್ಕೆ ತನ್ನದನ್ನು ಬಿಚ್ಚಿಟ್ಟಿದ್ದಳು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ.

ಕೊನೆಗೆ ನಮ್ಮ ಮನೆಯ ಸರದಿ. ನಮ್ಮತ್ತೆ, "ನನಗೇನಪ್ಪಾ ಕೆಲಸ, ಶಿವಾ ಅಂತ ಕೂತಿದೀನಿ," ಅಂದರು. ಯಜಮಾನರು ಹಾಗೆಯೇ ಬರೆದುಕೊಂಡರು. ನನ್ನನ್ನು ಕೇಳದೆಯೇ ಪೆನ್ನು ಮುಂದಕ್ಕೆ ಹೋಯಿತು.

"ಹುಣಸೆಹಣ್ಣು ಕುಟ್ಟೋದು ಅಂತ ಬರೀರಿ," ಅಂದೆ.

"ಹುಚ್ಚೇನೇ ನಿನಗೆ?"

"ಅದೂ ಕಸುಬೇ ಅಂತ ಆ ಮನೇಲಿ ನೀವೇ ಹೇಳಿದಿರಿ. ಆಯಮ್ಮ ಹೇಳಿದಳು. ನಾನು ಯಾಕೆ ಹೇಳಬಾರದು?"

"ನಮ್ಮನೆ ವಿಷಯ ಬೇರೆ."

"ಈ ಕಾಗದ ಬೆಂಗಳೂರಿಗೆ ಹೋಗುತ್ತೆ. ಊರಲ್ಲಿ ಯಾರು ನೋಡ್ತಾರೆ ಹೇಳಿ?"

ಅವರು ತಲೆ ಎತ್ತಲಿಲ್ಲ. "ನಾನು ನೋಡ್ತೀನಲ್ಲೇ," ಅಂದರು.

ಮುಂದೆ ವಾದ ಮಾಡುವುದಕ್ಕೆ ನನ್ನಿಂದ ಆಗಲಿಲ್ಲ. ಏನಾದರೂ ಬರೆದುಕೊಳ್ಳಿ ಅಂದೆ. ಕಸುಬು ಇಲ್ಲ, ಮನೆಗೆಲಸ ಎಂದು ಬರೆದು, ಶಾಯಿ ಆರಲೆಂದು ಊದಿದರು. ಅಂದಿನಿಂದ ಅವರು ಹಿತ್ತಲಿಗೆ ಬರುವ ಮುನ್ನ ಬಾಗಿಲ ಹಿಂದೆ ನಿಂತು ಕೆಮ್ಮುತ್ತಿದ್ದರು. ನಾವು ಸುತ್ತಿಗೆ ಕೆಳಗಿಟ್ಟ ಮೇಲೆ ಬರುತ್ತಿದ್ದರು.